ಜಮಾ ಕಡೆ ಕಡಿಮೆ ಮಾಡಿದಿರಿ, ಖರ್ಚು ಕಡೆ ಏನು ಬರೆಯಲಿ? ಹಣಕಾಸು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ನಿರ್ಮಲಾ ಸೀತಾರಾಮನ್ ಅವರಿಗೆ,

ತಿಪಟೂರಿನಿಂದ ನಮಸ್ಕಾರ. ನೀವು 2016ರಿಂದ ನಮ್ಮ ಕರ್ನಾಟಕದಿಂದಲೇ ರಾಜ್ಯಸಭೆಯಲ್ಲಿದ್ದೀರಿ. ಆ ಸಲುಗೆಯಿಂದ ಬರೆಯುತ್ತಿದ್ದೇನೆ. ನಾನು ಸಿಎ ಅಲ್ಲ, ಅರ್ಥಶಾಸ್ತ್ರ ಓದಿದವನೂ ಅಲ್ಲ. ಈ ಊರಿನ ಅಂಗಡಿ, ಕೊಬ್ಬರಿ ಮಂಡಿಗಳ ಲೆಕ್ಕ ಬರೆದು ರಿಟರ್ನ್ ಹಾಕುವವನು. ಸೇಲ್ಸ್ ಟ್ಯಾಕ್ಸ್ ಕಾಲದಲ್ಲಿ ಶುರು ಮಾಡಿದೆ. 2005ರಲ್ಲಿ ವ್ಯಾಟ್ ಬಂತು, 2017ರಲ್ಲಿ ಜಿಎಸ್‌ಟಿ ಬಂತು, ನಾನು ಅದೇ ಕುರ್ಚಿಯಲ್ಲಿ ಇದ್ದೇನೆ.

2025ರ ಫೆಬ್ರುವರಿ 1, ಶನಿವಾರ. 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಎಂದು ನೀವು ಹೇಳಿ ಮುಗಿಸಿದ್ದೇ ತಡ, ನನ್ನ ಫೋನ್ ಶುರುವಾಯಿತು. ಹೈಸ್ಕೂಲ್ ಮೇಷ್ಟ್ರು, ಬ್ಯಾಂಕಿನವರು, ಬೆಂಗಳೂರಲ್ಲಿ ಕೆಲಸ ಮಾಡೋ ನಮ್ಮೂರ ಹುಡುಗರು, ಎಲ್ಲರದ್ದೂ ಒಂದೇ ಪ್ರಶ್ನೆ: ನಂಗೆಷ್ಟು ಉಳಿಯುತ್ತೆ? ಒಬ್ಬರು ಮೈಸೂರು ಪಾಕ್ ತಂದು ಮೇಜಿನ ಮೇಲೆ ಇಟ್ಟು ಹೋದರು, ನಾನೇನೋ ಇಳಿಸಿದ ಹಾಗೆ. ಮಧ್ಯಾಹ್ನ ಮೂರೂವರೆ ಹೊತ್ತಿಗೆ ಕೊಬ್ಬರಿ ವ್ಯಾಪಾರದ ಯಜಮಾನರೊಬ್ಬರು ಬಂದರು. ಎಪ್ಪತ್ತು ದಾಟಿದೆ, ಕಿರ್ದಿ ಪುಸ್ತಕ ಈಗಲೂ ಕೈಯಲ್ಲೇ ಬರೆಯುತ್ತಾರೆ, ಕಂಪ್ಯೂಟರ್ ಲೆಕ್ಕ ಅವರಿಗೆ ನಂಬಿಕೆ ಇಲ್ಲ. ಒಂದು ತುಂಡು ಮೈಸೂರು ಪಾಕ್ ಬಾಯಿಗೆ ಹಾಕಿಕೊಂಡು ಕೇಳಿದರು: "ಅಲ್ಲಪ್ಪಾ, ಜಮಾ ಕಡೆ ಇಷ್ಟು ಬಿಟ್ಟುಕೊಟ್ರಲ್ಲ, ಖರ್ಚು ಕಡೆ ಏನು ಕಡಿಮೆ ಮಾಡಿದ್ರಂತೆ?"

ನಿಮ್ಮ ಭಾಷಣ ನನ್ನ ಕಂಪ್ಯೂಟರಿನಲ್ಲಿ ತೆರೆದೇ ಇತ್ತು. ಹುಡುಕಿದೆ. ನೇರ ತೆರಿಗೆಯಲ್ಲಿ ಸುಮಾರು 1 ಲಕ್ಷ ಕೋಟಿ ರೂಪಾಯಿ ಬಿಟ್ಟುಕೊಡುತ್ತಿದ್ದೇವೆ ಅಂತ ಇತ್ತು, ಪರೋಕ್ಷ ತೆರಿಗೆಯಲ್ಲಿ 2,600 ಕೋಟಿ ಅಂತಲೂ ಇತ್ತು. ಅದಕ್ಕೆ ಎದುರಾಗಿ ಇಂಥಿಂಥ ಖರ್ಚು ನಿಲ್ಲಿಸಿದ್ದೇವೆ ಎಂಬ ಸಾಲು ಸಿಗಲಿಲ್ಲ. "ನಾಳೆ ನೋಡಿ ಹೇಳ್ತೀನಿ ಯಜಮಾನ್ರೇ" ಅಂದೆ. ಇನ್ನೂ ಹೇಳಿಲ್ಲ. ಸಿಕ್ಕಾಗಲೆಲ್ಲ ಕೇಳುತ್ತಾರೆ. ಈ ಪತ್ರಕ್ಕೆ ಅವರೇ ಕಾರಣ.

ಮೊದಲೇ ಹೇಳಿಬಿಡುತ್ತೇನೆ, ತೆರಿಗೆ ಇಳಿಸಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. 12 ಲಕ್ಷ ಆದಾಯದವನಿಗೆ ವರ್ಷಕ್ಕೆ 80,000 ರೂಪಾಯಿ ಉಳಿದರೆ ಅದು ಸಣ್ಣ ಮಾತಲ್ಲ. ನನ್ನ ಮಗನಿಗೂ ಉಳಿದಿದೆ, ಅದರಲ್ಲಿ ಅವನು ಗಾಡಿ ಕೊಂಡ. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟಿನ ಜಿಎಸ್‌ಟಿ 18ರಿಂದ 5ಕ್ಕೆ ಬಂತು, ಸಿಮೆಂಟು 28ರಿಂದ 18ಕ್ಕೆ ಬಂತು. ನವರಾತ್ರಿಯ ಮೊದಲ ದಿನ ಪೂಜೆ ಬಿಟ್ಟು ಅಂಗಡಿ ಅಂಗಡಿ ತಿರುಗಿ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ದರ ಬದಲಾಯಿಸಿದವನು ನಾನೇ. ಜನ ಖುಷಿಯಾಗಿದ್ದರು, ಸುಳ್ಳೇಕೆ ಹೇಳಲಿ.

ನನ್ನ ತಕರಾರು ಬೇರೆ. ನಮ್ಮ ಕಸುಬಿನಲ್ಲಿ ಒಂದು ಕಡೆ ಬರೆದು ಇನ್ನೊಂದು ಕಡೆ ಖಾಲಿ ಬಿಡುವ ಹಾಗಿಲ್ಲ. ಬಿಟ್ಟರೆ ತಾಳೆ ಆಗಲ್ಲ, ರಾತ್ರಿ ನಿದ್ದೆ ಬರಲ್ಲ. ನಿಮ್ಮ ಬಜೆಟ್ಟಿನಲ್ಲಿ ತಾಳೆ ಆಗುತ್ತದೆ, ಆದರೆ ಹೇಗೆ ಆಗುತ್ತದೆ ಅಂದರೆ ಸಾಲದಿಂದ ಆಗುತ್ತದೆ. 2025-26ರಲ್ಲಿ ನೀವು ಅಂದಾಜು ಮಾಡಿದ ಒಟ್ಟು ಖರ್ಚು 50.65 ಲಕ್ಷ ಕೋಟಿ. ಸಾಲ ಬಿಟ್ಟು ಬರುವ ದುಡ್ಡು 34.96 ಲಕ್ಷ ಕೋಟಿ. ನಡುವಿನ 15.69 ಲಕ್ಷ ಕೋಟಿ ಸಾಲ. ನೀವೇ ಚಿತ್ರ ಬರೆದು ತೋರಿಸುತ್ತೀರಲ್ಲ, ಒಂದು ರೂಪಾಯಿ ಎಲ್ಲಿಂದ ಬರುತ್ತೆ ಅಂತ, ಅದರಲ್ಲಿ 24 ಪೈಸೆ ಸಾಲದ್ದು. ಪಕ್ಕದ ಚಿತ್ರದಲ್ಲಿ ಒಂದು ರೂಪಾಯಿ ಎಲ್ಲಿ ಹೋಗುತ್ತೆ ಅಂತ ನೋಡಿದರೆ 20 ಪೈಸೆ ಬಡ್ಡಿಗೆ. ಬಡ್ಡಿಯೊಂದೇ ವರ್ಷಕ್ಕೆ 12.76 ಲಕ್ಷ ಕೋಟಿ, ಅಂದರೆ ದಿನಕ್ಕೆ ಸುಮಾರು 3,500 ಕೋಟಿ, ಭಾನುವಾರ, ಹಬ್ಬದ ರಜೆ ಎಲ್ಲ ಸೇರಿ. ನೀವು ನಮಗೆ ವರ್ಷಕ್ಕೆ ಬಿಟ್ಟುಕೊಟ್ಟ ಆ 1 ಲಕ್ಷ ಕೋಟಿ ಒಂದು ತಿಂಗಳ ಬಡ್ಡಿಗೂ ಸಾಲದು.

ಇಷ್ಟೊಂದು ಸಾಲ ತೆಗೆಯುತ್ತಿರುವಾಗ ಖರ್ಚು ಮುಟ್ಟದೆ ತೆರಿಗೆ ಮಾತ್ರ ಇಳಿಸಿದರೆ ಅದನ್ನು ಇಳಿಕೆ ಅಂತ ಹೇಗೆ ಕರೆಯೋದು? ಇವತ್ತು ನನ್ನ ಮಗನ ಕೈಗೆ ಕೊಟ್ಟ 80,000ವನ್ನು ಅವನ ಮಗನ ಹೆಸರಲ್ಲಿ ಬಾಕಿ ಬರೆದ ಹಾಗೆ ಆಯಿತು. ಅವನ ಮಗನಿಗೆ ಈಗ ಎರಡು ವರ್ಷ. ಸಹಿ ಹಾಕಲು ಬರಲ್ಲ.

ಕೊರತೆ, ಅಂದರೆ ಸಾಲದಿಂದ ತುಂಬುವ ಆ ಗ್ಯಾಪ್, ಕಡಿಮೆ ಮಾಡುತ್ತಿದ್ದೇವಲ್ಲ ಅನ್ನುತ್ತೀರಿ. ಒಪ್ಪುತ್ತೇನೆ. ಹಿಂದಿನ ವರ್ಷ ಜಿಡಿಪಿಯ, ಅಂದರೆ ದೇಶದ ಒಟ್ಟು ಉತ್ಪನ್ನದ, ಶೇ 4.8 ಇದ್ದದ್ದನ್ನು 4.4ಕ್ಕೆ ಇಳಿಸುತ್ತೇವೆ ಎಂದಿದ್ದೀರಿ, ಕೋವಿಡ್ ವರ್ಷದ 9.2ರಿಂದ ಇಲ್ಲಿಗೆ ತಂದದ್ದು ಸುಲಭದ ಕೆಲಸ ಅಲ್ಲ. ಆದರೆ 2025ರಲ್ಲಿ ನಿಮಗೆ ರಿಸರ್ವ್ ಬ್ಯಾಂಕಿನಿಂದ 2.69 ಲಕ್ಷ ಕೋಟಿ ಬಂತು, ಅದು ಅಲ್ಲಿವರೆಗಿನ ದಾಖಲೆ. ಹಾಗೆ ಕೂಡಿ ಬಂದ ದುಡ್ಡಿನ ಮೇಲೆ ಕಾಯಂ ರಿಯಾಯಿತಿ ಕೊಡೋದು ನಮ್ಮ ಮಂಡಿಯಲ್ಲಿ ಯಾರೂ ಮಾಡಲ್ಲ. ಕೊಬ್ಬರಿ ಒಂದು ವರ್ಷ ಕ್ವಿಂಟಲಿಗೆ ಚೆನ್ನಾಗಿ ರೇಟು ಬಂತು ಅಂತ ಆಳುಗಳ ಸಂಬಳ, ಮನೆ ಖರ್ಚು ಎಲ್ಲ ಏರಿಸಿಕೊಂಡವರ ಕಥೆ ನನ್ನ ಕಪಾಟಿನಲ್ಲಿ ಫೈಲುಗಟ್ಟಲೆ ಇದೆ.

ಸರ್ಕಾರ ಅಂದರೆ ಮನೆ ಅಲ್ಲ, ಅಂಗಡಿ ಅಲ್ಲ, ಈ ಹೋಲಿಕೆ ಸರಿಯಲ್ಲ ಅಂತ ಓದಿದವರು ಹೇಳುತ್ತಾರೆ. ಗೊತ್ತು. ಅಂಗಡಿ ಯಜಮಾನ ಸಾಯುತ್ತಾನೆ, ಸರ್ಕಾರ ಸಾಯಲ್ಲ. ಅದಕ್ಕೆ ಹಳೇ ಸಾಲ ತೀರಿಸಲು ಹೊಸ ಸಾಲ ಸಿಗುತ್ತಲೇ ಇರುತ್ತೆ. ಬರಗಾಲ ಬಂದಾಗ, 2020ರಂಥ ವರ್ಷ ಬಂದಾಗ ತೆರಿಗೆ ಇಳಿಸಿ ಖರ್ಚೂ ಜಾಸ್ತಿ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 2025 ಅಂಥ ವರ್ಷ ಆಗಿರಲಿಲ್ಲ ಅಲ್ವಾ? ಜನವರಿ 16ಕ್ಕೆ ಎಂಟನೇ ವೇತನ ಆಯೋಗ ಮಾಡುತ್ತೇವೆ ಎಂದು ಒಪ್ಪಿಗೆ ಕೊಟ್ಟಿರಿ. ಹದಿನಾರು ದಿನ ಬಿಟ್ಟು ತೆರಿಗೆ ಇಳಿಸಿದಿರಿ. ಖರ್ಚು ಏರುವ ದಾರಿಯೂ ಅದೇ ಚಳಿಗಾಲದಲ್ಲಿ ತೆರೆಯಿತು, ಆದಾಯ ಇಳಿಯುವ ದಾರಿಯೂ ಅದೇ ಚಳಿಗಾಲದಲ್ಲಿ. ಎರಡನ್ನೂ ಒಂದೇ ಕಾಗದದ ಮೇಲೆ ಇಟ್ಟು ಯಾರಾದರೂ ನೋಡಿದರಾ ಅನ್ನೋದಷ್ಟೇ ನನ್ನ ಪ್ರಶ್ನೆ.

ತೆರಿಗೆ ಇಳಿಸಿದರೆ ವ್ಯಾಪಾರ ಬೆಳೆದು ದುಡ್ಡು ತಾನಾಗೇ ವಾಪಸ್ ಬರುತ್ತೆ ಅನ್ನೋ ಮಾತೂ ಇದೆ. 2019ರ ಸೆಪ್ಟೆಂಬರ್ 20 ನೆನಪಿದೆಯಾ ಮೇಡಂ? ಗೋವಾದಲ್ಲಿ ನೀವು ಕಂಪನಿಗಳ ತೆರಿಗೆ ಶೇ 30ರಿಂದ 22ಕ್ಕೆ ಇಳಿಸಿದ್ದು, ಹೊಸ ಕಾರ್ಖಾನೆಗಳಿಗೆ ಶೇ 15 ಎಂದದ್ದು. ಅವತ್ತು ಸೆನ್ಸೆಕ್ಸ್ 1,900 ಅಂಶಕ್ಕಿಂತ ಜಾಸ್ತಿ ಹಾರಿತು. ಬಿಟ್ಟುಕೊಡುವ ಆದಾಯ 1.45 ಲಕ್ಷ ಕೋಟಿ ಎಂದು ನೀವೇ ಹೇಳಿದಿರಿ. ಆಗಲೂ ಖರ್ಚಿನ ಕಡೆಯ ಸಾಲು ಇರಲಿಲ್ಲ. ಆ ವರ್ಷದ ಕೊರತೆ ಶೇ 3.3 ಎಂದು ಜುಲೈನಲ್ಲಿ ಹೇಳಿದ್ದು ಕೊನೆಗೆ 4.6ಕ್ಕೆ ನಿಂತಿತು. ಕೋವಿಡ್ ಲಾಕ್‌ಡೌನ್ ಬಂದಿದ್ದು ಆ ವರ್ಷದ ಕೊನೇ ವಾರದಲ್ಲಿ, ಆದ್ದರಿಂದ ಎಲ್ಲವನ್ನೂ ಅದರ ತಲೆಗೆ ಕಟ್ಟಲು ಆಗಲ್ಲ. ಕಂಪನಿ ತೆರಿಗೆ 2018-19ರಲ್ಲಿ 6.64 ಲಕ್ಷ ಕೋಟಿ ಬಂದಿದ್ದು ಮುಂದಿನ ವರ್ಷ 5.57 ಲಕ್ಷ ಕೋಟಿಗೆ ಇಳಿಯಿತು. ಹಳೇ ಮಟ್ಟ ದಾಟಿದ್ದು 2021-22ರಲ್ಲಿ. ಬಂತು, ಇಲ್ಲ ಅನ್ನಲ್ಲ. ಮೂರು ವರ್ಷ ಆಯಿತು, ಅಷ್ಟರಲ್ಲಿ ಬೆಲೆಗಳೂ ಏರಿದ್ದವು. ಆ ಮೂರು ವರ್ಷ ಗ್ಯಾಪ್ ತುಂಬಿದ್ದು ಯಾರು? ಸಾಲ ಕೊಟ್ಟವರು, ಮತ್ತೆ ಪೆಟ್ರೋಲ್ ಹಾಕಿಸಿದವರು. 2020ರಲ್ಲಿ ಜಗತ್ತಿನಲ್ಲಿ ಕಚ್ಚಾ ತೈಲ ಪಾತಾಳಕ್ಕೆ ಬಿದ್ದಾಗ ನೀವು ಪೆಟ್ರೋಲ್, ಡೀಸೆಲ್ ಮೇಲಿನ ಅಬಕಾರಿ ಸುಂಕ ಏರಿಸಿದಿರಿ. ಕೋವಿಡ್‌ಗೆ ದುಡ್ಡು ಬೇಕಿತ್ತು, ನಿಜ. ಆದರೂ ಕಂಪನಿಗೆ ಇಳಿಸಿದ್ದು ಇಳಿದೇ ಇತ್ತು, ಸ್ಕೂಟರ್‌ನವನಿಗೆ ಏರಿತು.

ಇದು ನಿಮ್ಮೊಬ್ಬರ ಕಥೆ ಅಲ್ಲ, ಅದನ್ನೂ ಹೇಳಬೇಕು. 2008ರಲ್ಲಿ ಬೇರೆ ಸರ್ಕಾರ ಇತ್ತು. ಫೆಬ್ರುವರಿಯಲ್ಲಿ ರೈತರ ಸಾಲಮನ್ನಾ ಘೋಷಣೆ, ಆಮೇಲೆ ಆರನೇ ವೇತನ ಆಯೋಗದ ಸಂಬಳ, ಡಿಸೆಂಬರಿನಲ್ಲಿ ಅಬಕಾರಿ ಸುಂಕ ಒಂದೇ ಏಟಿಗೆ 4 ಅಂಶ ಇಳಿಕೆ. ಜಗತ್ತೇ ಕುಸಿಯುತ್ತಿತ್ತು, ಸುಂಕ ಇಳಿಸಿದ್ದಕ್ಕೆ ಕಾರಣ ಇತ್ತು. ಆದರೆ ಮೊದಲೆರಡು ಖರ್ಚು ಕುಸಿತಕ್ಕೂ ಮುಂಚೆ ನಿರ್ಧಾರವಾದದ್ದು. 2007-08ರಲ್ಲಿ ಶೇ 3ಕ್ಕಿಂತ ಕೆಳಗೆ ಬಂದಿದ್ದ ಕೊರತೆ ಒಂದೇ ವರ್ಷದಲ್ಲಿ ಶೇ 6ಕ್ಕೆ ಹೋಯಿತು. ಮತ್ತೆ 3ರ ಹತ್ತಿರ ಬರಲು ನಮ್ಮ ದೇಶಕ್ಕೆ ಹತ್ತು ವರ್ಷ ಬೇಕಾಯಿತು, ಬಂದದ್ದೂ ಉಳಿಯಲಿಲ್ಲ.

ಕಾನೂನು ಇಲ್ಲವಾ ಅಂದರೆ ಇದೆ. 2003ರ ಎಫ್‌ಆರ್‌ಬಿಎಂ ಕಾಯ್ದೆ, ಅಂದರೆ ವಿತ್ತೀಯ ಹೊಣೆಗಾರಿಕೆ ಕಾಯ್ದೆ. ಶೇ 3 ಅನ್ನೋ ಗುರಿ ಎಷ್ಟು ಸಲ ಮುಂದಕ್ಕೆ ಹೋಯಿತು ಅಂತ ಎಣಿಸೋದು ಬಿಟ್ಟಿದ್ದೇನೆ. 2018ರಲ್ಲಿ ತಿದ್ದುಪಡಿ ಮಾಡಿ 2021ರ ಮಾರ್ಚ್ ಒಳಗೆ ಕೊರತೆ ಶೇ 3, 2024-25ರ ಒಳಗೆ ಕೇಂದ್ರದ ಸಾಲ ಜಿಡಿಪಿಯ ಶೇ 40 ಎಂದು ಬರೆದರು. 2025-26ರಲ್ಲಿ ಸಾಲ ಶೇ 56ರ ಹತ್ತಿರ ಇತ್ತು, ಹೊಸ ಗುರಿ 2031ರ ಮಾರ್ಚ್‌ಗೆ ಶೇ 50, ಒಂದು ಆಚೆ ಈಚೆ. ನನ್ನ ಗಿರಾಕಿ ಯಾರಾದರೂ ಹೀಗೆ ವಾಯಿದೆ ಮುಂದಕ್ಕೆ ಹಾಕಿದ್ದರೆ ನಿಮ್ಮ ಇಲಾಖೆ ನೋಟಿಸ್ ಕಳಿಸಿ, ಬಡ್ಡಿ ಹಾಕಿ, ಅದರ ಮೇಲೆ ದಂಡವನ್ನೂ ಹಾಕುತ್ತಿತ್ತು. ಹೋಗಲಿ ಬಿಡಿ.

ಈ ಕಾಯ್ದೆಯ ನಿಜವಾದ ತೊಂದರೆ ವಾಯಿದೆ ಅಲ್ಲ. ಅದು ಮಿತಿ ಹಾಕಿರುವುದು ಕೊರತೆಗೆ, ಖರ್ಚಿಗೆ ಅಲ್ಲ. ಕೊರತೆ ಅನ್ನೋದು ಕಳೆದು ಉಳಿದ ಲೆಕ್ಕ, ಅದನ್ನು ಹೇಗೆ ಬೇಕಾದರೂ ತೋರಿಸಬಹುದು. ಸೆಸ್, ಅಂದರೆ ಒಂದು ಉದ್ದೇಶದ ಹೆಸರಲ್ಲಿ ಹೆಚ್ಚುವರಿ ತೆರಿಗೆ, ಹಾಕಬಹುದು. ಆಸ್ತಿ ಮಾರಬಹುದು. ಇಲ್ಲವೇ ಸಾಲವನ್ನು ಬೇರೆ ಹೆಸರಲ್ಲಿ ಬರೆಯಬಹುದು. ಆಹಾರ ನಿಗಮ ಅಕ್ಕಿ, ಗೋಧಿ ಕೊಳ್ಳುತ್ತೆ, ಸಬ್ಸಿಡಿ ನೀವು ಕೊಡಬೇಕು, ಕೊಡದೆ ಸಣ್ಣ ಉಳಿತಾಯ ನಿಧಿಯಿಂದ ಸಾಲ ತಗೊಳ್ಳಿ ಅಂತ ಹಲವು ವರ್ಷ ಅವರಿಗೆ ಹೇಳಿದಿರಿ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಇದನ್ನು ಎತ್ತಿ ತೋರಿಸಿತು. 2021ರ ಬಜೆಟ್ಟಿನಲ್ಲಿ ಅದನ್ನೆಲ್ಲ ಪುಸ್ತಕದೊಳಗೆ ತಂದಿರಿ. 2020-21ರ ಆಹಾರ ಸಬ್ಸಿಡಿ ಪರಿಷ್ಕೃತ ಅಂದಾಜಿನಲ್ಲಿ 4.22 ಲಕ್ಷ ಕೋಟಿಗೆ ಏರಿತು. ಆ ಕೆಲಸಕ್ಕೆ ನಿಮಗೆ ಎದ್ದು ನಿಂತು ನಮಸ್ಕಾರ ಮಾಡುತ್ತೇನೆ, ಲೆಕ್ಕ ಬರೆಯುವವನಿಗೆ ಅದರ ಬೆಲೆ ಗೊತ್ತು. ಆದರೆ ಮುಂದಿನ ಸಚಿವರು ಮತ್ತೆ ಹೊರಗೆ ಬರೆಯದ ಹಾಗೆ ತಡೆಯುವ ಬೀಗ ಎಲ್ಲಿದೆ?

ಇನ್ನೊಂದು. ಯಾವ ಖರ್ಚು ಕಡಿಮೆ ಮಾಡುತ್ತೇವೆ ಎಂದು ಬಾಯಿಬಿಟ್ಟು ಹೇಳದೆ ಇದ್ದಾಗ ಕತ್ತರಿ ಎಲ್ಲಿಗೆ ಬೀಳುತ್ತೆ ಗೊತ್ತಾ? ಬಡ್ಡಿ ಕಟ್ಟಲೇಬೇಕು. ಸಂಬಳ, ಪಿಂಚಣಿ ಕೊಡಲೇಬೇಕು. ಚುನಾವಣೆ ಮುಂದಿದ್ದರೆ ಯೋಜನೆ ಮುಟ್ಟೋ ಹಾಗಿಲ್ಲ. ಉಳಿಯೋದು ರಸ್ತೆ, ಸೇತುವೆ, ಕಟ್ಟಡ, ರಿಪೇರಿ. ಇದು ಊಹೆ ಅಲ್ಲ. ನನ್ನ ಹತ್ತಿರ ಲೆಕ್ಕ ಬರೆಸುವ ಒಬ್ಬ ಸಣ್ಣ ಗುತ್ತಿಗೆದಾರ ಇದ್ದಾನೆ. ಒಂದು ಸರ್ಕಾರಿ ಕಚೇರಿಗೆ, ಯಾವುದು ಅಂತ ಹೇಳಲ್ಲ, ಕೆಲಸ ಮುಗಿಸಿ ಬಿಲ್ ಕೊಟ್ಟು ಹದಿನಾಲ್ಕು ತಿಂಗಳಾಯಿತು. ಬಿಲ್ ಹಾಕಿದ ಮುಂದಿನ ತಿಂಗಳೇ ಅದರ ಜಿಎಸ್‌ಟಿ ನಾನೇ ಕಟ್ಟಿಸಿದೆ, ಕೈಸಾಲ ತಂದು ಕಟ್ಟಿದ. ದುಡ್ಡು ಬಂದಿಲ್ಲ. ಹೋದರೆ "ಗ್ರಾಂಟ್ ಬಂದಿಲ್ಲ" ಅನ್ನುತ್ತಾರೆ. ಅವನ ಪಾಲಿಗೆ ಸರ್ಕಾರದ ಮಿತವ್ಯಯ ಅಂದರೆ ಇಷ್ಟೇ, ಅವನಿಗೆ ಕೊಡಬೇಕಾದ್ದು ಕೊಡದೆ ಇರೋದು. ಇಂಥ ಬಾಕಿ ನಿಮ್ಮ ಕೊರತೆ ಲೆಕ್ಕದಲ್ಲಿ ಕಾಣಲ್ಲ, ಯಾಕೆಂದರೆ ಸರ್ಕಾರ ದುಡ್ಡು ಕೈಬಿಟ್ಟ ದಿನವೇ ಖರ್ಚು ಅಂತ ಬರೆಯುತ್ತೆ. ಕೊಡದೆ ಕೂತಷ್ಟು ದಿನ ಲೆಕ್ಕ ಚೆನ್ನಾಗೇ ಕಾಣುತ್ತೆ.

ಇನ್ನು ನಮ್ಮ ರಾಜ್ಯದ ಮಾತು. ಆದಾಯ ತೆರಿಗೆ ನಿಮ್ಮೊಬ್ಬರದ್ದಲ್ಲ. 15ನೇ ಹಣಕಾಸು ಆಯೋಗದ ಪ್ರಕಾರ ಹಂಚಿಕೆಯ ತೆರಿಗೆಯಲ್ಲಿ ಶೇ 41 ರಾಜ್ಯಗಳದ್ದು. ಅಂದರೆ 1 ಲಕ್ಷ ಕೋಟಿ ಬಿಟ್ಟುಕೊಟ್ಟಾಗ ಸುಮಾರು 41,000 ಕೋಟಿ ರಾಜ್ಯಗಳ ಜೇಬಿನಿಂದ ಹೋಯಿತು. ಅದರಲ್ಲಿ ಆಗ ಕರ್ನಾಟಕದ ಪಾಲು ಶೇ 3.647 ಇತ್ತು, ನಾನು ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿದೆ, ಹತ್ತಿರ ಹತ್ತಿರ 1,500 ಕೋಟಿ. ಮೈಸೂರು ಪಾಕ್ ನಿಮ್ಮ ಹೆಸರಲ್ಲಿ ಹಂಚಿದರು, ಬಿಲ್ಲಿನಲ್ಲಿ ಐದರಲ್ಲಿ ಎರಡು ಪಾಲು ರಾಜ್ಯಗಳಿಗೆ ಹೋಯಿತು. ಅದೇ ಸೆಸ್ ಮತ್ತು ಸರ್‌ಚಾರ್ಜ್ ಹಾಕಿದರೆ ಸಂವಿಧಾನದ 270ನೇ ವಿಧಿಯ ಪ್ರಕಾರ ಹಂಚಬೇಕಾಗಿಲ್ಲ. ರಿಸರ್ವ್ ಬ್ಯಾಂಕಿನ ಆ 2.69 ಲಕ್ಷ ಕೋಟಿಯೂ ಪೂರ್ತಿ ನಿಮ್ಮದೇ. ಇಳಿಸುವಾಗ ಹಂಚಿಕೆಯ ತೆರಿಗೆ, ಏರಿಸುವಾಗ ಹಂಚದ ತೆರಿಗೆ ಅನ್ನೋ ಹಾಗಾದರೆ ಕಷ್ಟ.

ರಾಜ್ಯ ಸುಮ್ನೆ ಕೂರುತ್ತಾ? 2025ರ ಜನವರಿ 5ಕ್ಕೆ ನಮ್ಮ ಬಸ್ ದರ ಶೇ 15 ಏರಿತು. ಏಪ್ರಿಲ್ 1ಕ್ಕೆ ಡೀಸೆಲ್ ಮೇಲಿನ ರಾಜ್ಯದ ತೆರಿಗೆ ಏರಿ ಲೀಟರಿಗೆ 2 ರೂಪಾಯಿ ಜಾಸ್ತಿಯಾಯಿತು. ಇವೆಲ್ಲ ನಿಮ್ಮ ತೆರಿಗೆ ಇಳಿಕೆಯಿಂದಲೇ ಆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ, ಬಸ್ ದರ ಅದಕ್ಕೂ ಮೊದಲೇ ಏರಿದ್ದು. ಆದರೆ ತಿಪಟೂರಿನಿಂದ ತುಮಕೂರಿಗೆ ದಿನಾ ಬಸ್ಸಲ್ಲಿ ಓಡಾಡುವ, ವರ್ಷಕ್ಕೆ ಮೂರು ಲಕ್ಷ ದುಡಿಯುವ ಅಂಗಡಿ ಹುಡುಗ ಆದಾಯ ತೆರಿಗೆಯನ್ನೇ ಕಟ್ಟುತ್ತಿರಲಿಲ್ಲ. ಅವನಿಗೆ ಇಳಿದದ್ದು ಸೋಪು, ಪೇಸ್ಟು. ಏರಿದ್ದು ಟಿಕೆಟ್ಟು.

ಇಲ್ಲಿ ವಿಧಾನಸೌಧದ ಕಡೆಗೂ ಸ್ವಲ್ಪ ತಿರುಗಿ ಮಾತಾಡಬೇಕು. ಸಿದ್ದರಾಮಯ್ಯನವರೇ, 2025ರಲ್ಲಿ ಮುಖ್ಯಮಂತ್ರಿಯೂ ನೀವೇ, ಹಣಕಾಸು ಖಾತೆಯೂ ನಿಮ್ಮ ಹತ್ತಿರವೇ ಇತ್ತು, ಆ ವರ್ಷದ ಮಾರ್ಚ್‌ಗೇ ಹದಿನಾರು ಬಜೆಟ್ ಮಂಡಿಸಿದ್ದಿರಿ, ದಿಲ್ಲಿಗೆ ಬರೆದ ಪತ್ರ ಅಂತ ನಗಬೇಡಿ. ಕೇಂದ್ರಕ್ಕಿಂತ ಮೊದಲು, 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದ ರಾಜ್ಯ ನಮ್ಮದು, ದೇಶದಲ್ಲೇ ಮೊದಲು. ಎಸ್.ಎಂ. ಕೃಷ್ಣ ಅವರ ಕಾಲ. ರಾಜ್ಯದ ಜಿಡಿಪಿಯ ಲೆಕ್ಕದಲ್ಲಿ ಕೊರತೆ ಶೇ 3 ದಾಟಬಾರದು, ಒಟ್ಟು ಸಾಲ ಶೇ 25 ದಾಟಬಾರದು. 2025-26ರ ನಿಮ್ಮ ಬಜೆಟ್ಟಿನಲ್ಲಿ ಕೊರತೆ ಎಷ್ಟು? ಶೇ 2.95. ಸಾಲ ಎಷ್ಟು? ಶೇ 24.91. ಪರೀಕ್ಷೆಯಲ್ಲಿ 35ಕ್ಕೆ ಸರಿಯಾಗಿ 35 ತೆಗೆಯೋ ಹುಡುಗನನ್ನು ನೋಡಿದ್ದೀನಿ, ಇಷ್ಟು ಕರಾರುವಾಕ್ಕಾಗಿ ಗೆರೆ ಮುಟ್ಟದೆ ನಿಲ್ಲೋರನ್ನು ನೋಡಿರಲಿಲ್ಲ. ಗ್ಯಾರಂಟಿಗಳಿಗೆ ಇಟ್ಟ 51,034 ಕೋಟಿಯನ್ನು ದಂಡ ಅಂತ ಹೇಳುವವನು ನಾನಲ್ಲ. ನನ್ನ ಹೆಂಡತಿ ಉಚಿತ ಬಸ್ಸಿನಲ್ಲೇ ಅರಸೀಕೆರೆಯ ತವರಿಗೆ ಹೋಗಿಬರುತ್ತಾಳೆ, ಮೊದಲು ವರ್ಷಕ್ಕೆ ಎರಡು ಸಲ ಹೋಗುತ್ತಿದ್ದಳು, ಈಗ ತಿಂಗಳಿಗೆ ಎರಡು ಸಲ. ಆದರೆ ಅದರ ಎದುರು ಯಾವ ಖರ್ಚು ನಿಂತಿತು ಅನ್ನೋ ಪ್ರಶ್ನೆ ನಿಮಗೂ ಇದೆ.

ಇಲ್ಲಿನದೇ ಒಂದು ಉದಾಹರಣೆ ಸಾಕು. 2021ರ ನವೆಂಬರ್, ದೀಪಾವಳಿ ಹಿಂದಿನ ರಾತ್ರಿ ಕೇಂದ್ರ ಪೆಟ್ರೋಲಿಗೆ 5, ಡೀಸೆಲಿಗೆ 10 ರೂಪಾಯಿ ಸುಂಕ ಇಳಿಸಿತು. ಬಸವರಾಜ ಬೊಮ್ಮಾಯಿ ಅವರ ಸರ್ಕಾರ ಎರಡಕ್ಕೂ ಇನ್ನೂ 7 ರೂಪಾಯಿ ಇಳಿಸಿತು. ಪಟಾಕಿ ಹೊಡೆದೆವು. ಖರ್ಚಿಗೆ ಏನೂ ಮಿತಿ ಹಾಕಲಿಲ್ಲ. ಸರ್ಕಾರ ಬದಲಾಯಿತು, ಹೊಸ ಖರ್ಚು ಬಂತು, 2024ರ ಜೂನ್‌ನಲ್ಲಿ ಲೋಕಸಭೆ ಚುನಾವಣೆ ಫಲಿತಾಂಶ ಬಂದು ಹದಿನೈದು ದಿನ ಆಗುವ ಮೊದಲೇ ಪೆಟ್ರೋಲ್ ಮೇಲಿನ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿತು. ಒಬ್ಬರು ಇಳಿಸಿದರು, ಇನ್ನೊಬ್ಬರು ಏರಿಸಿದರು. ನನ್ನ ಪ್ರಕಾರ ಅದು ಇಳಿದೇ ಇರಲಿಲ್ಲ. ಖರ್ಚು ಹಾಗೇ ಇದ್ದದ್ದರಿಂದ ತೆರಿಗೆ ಎರಡೂವರೆ ವರ್ಷ ರಜೆ ಮೇಲೆ ಹೋಗಿತ್ತು, ಅಷ್ಟೇ.

ನಿರ್ಮಲಾ ಮೇಡಂ, ಈಗ ನನ್ನ ಬೇಡಿಕೆ ಹೇಳುತ್ತೇನೆ. ತೆರಿಗೆ ಇಳಿಸುವುದು ಹಣಕಾಸು ಮಸೂದೆಯಲ್ಲಿ, ಖರ್ಚು ಮಾಡುವುದು ಧನವಿನಿಯೋಗ ಮಸೂದೆಯಲ್ಲಿ. ಎರಡು ಬೇರೆ ಕಾಗದ, ಬೇರೆ ಬೇರೆ ಮತ. ಒಂದಕ್ಕೆ ಇನ್ನೊಂದರ ಹಂಗಿಲ್ಲ. ಇವೆರಡನ್ನೂ ಕಟ್ಟಿಹಾಕುವ ಒಂದು ದಾರ ಬೇಕು. ಆದಾಯ ತೆರಿಗೆಯೋ ಕಂಪನಿ ತೆರಿಗೆಯೋ, ಇಂತಿಷ್ಟಕ್ಕಿಂತ ಜಾಸ್ತಿ ಬಿಟ್ಟುಕೊಡುವ ಇಳಿಕೆ ತಂದರೆ ಅದೇ ಮಸೂದೆಯಲ್ಲಿ ಮುಂದಿನ ಮೂರು ವರ್ಷ ಸರ್ಕಾರದ ಖರ್ಚು ಎಷ್ಟು ದಾಟಬಾರದು ಅನ್ನೋ ಸಂಖ್ಯೆಯೂ ಇರಲಿ, ರೂಪಾಯಿಯಲ್ಲಿ, ಜಿಡಿಪಿಯ ಶೇಕಡಾ ಅಂತ ಅಲ್ಲ, ಯಾಕೆಂದರೆ ಜಿಡಿಪಿ ಅಂದಾಜು ಏರಿಸಿದರೆ ಶೇಕಡಾ ತಾನಾಗೇ ಇಳಿಯುತ್ತೆ. ಇಳಿಕೆಯನ್ನು ಎರಡು ಕಂತಿನಲ್ಲಿ ಕೊಡಿ. ಮೊದಲ ಕಂತು ಕೂಡಲೇ. ಎರಡನೆಯದು ಆ ವರ್ಷದ ಖರ್ಚು ಮಿತಿಯೊಳಗೆ ಉಳಿದಿದ್ದರೆ ಮಾತ್ರ, ಅದನ್ನು ಸಿಎಜಿ ನೋಡಿ ಹೇಳಲಿ. ಆಗ ಏನಾಗುತ್ತೆ ಗೊತ್ತಾ? ಈಗ ತೆರಿಗೆ ಕಟ್ಟುವವನಿಗೆ ಸರ್ಕಾರದ ಖರ್ಚಿನ ಬಗ್ಗೆ ಚಿಂತೆ ಇಲ್ಲ, ಅವನ ಪಾಲು ಅವನಿಗೆ ಸಿಕ್ಕಿಬಿಟ್ಟಿದೆ. ಎರಡನೇ ಕಂತು ಬಾಕಿ ಇದ್ದರೆ ನನ್ನ ಗಿರಾಕಿಗಳೆಲ್ಲ ಪೂರಕ ಅಂದಾಜು, ಅಂದರೆ ವರ್ಷದ ನಡುವೆ ಸರ್ಕಾರ ಮತ್ತೆ ಕೇಳುವ ಖರ್ಚು, ಎಷ್ಟು ಅಂತ ಪೇಪರಿನಲ್ಲಿ ಹುಡುಕಿ ಓದುತ್ತಾರೆ. ಕೊಬ್ಬರಿ ರೇಟು ನೋಡುವ ಹಾಗೆ ನೋಡುತ್ತಾರೆ, ಬರೆದು ಕೊಡುತ್ತೇನೆ.

ಪೂರಕ ಅಂದಾಜಿನ ವಿಷಯ ಬಂತು, ಅಲ್ಲೇ ಸೋರಿಕೆ ಇರೋದು. ಫೆಬ್ರುವರಿಯಲ್ಲಿ ಒಂದು ಲೆಕ್ಕ ಹೇಳಿ ಡಿಸೆಂಬರಿನಲ್ಲಿ ಇನ್ನಷ್ಟು ಕೇಳಿದರೆ ಮಿತಿಗೆ ಅರ್ಥವಿಲ್ಲ. ಬೇರೆ ಕಡೆ ಉಳಿಸಿ ಇಲ್ಲಿಗೆ ಹಾಕುತ್ತೇವೆ ಅನ್ನೋದಕ್ಕೆ ತಕರಾರಿಲ್ಲ. ಹೊಸದಾಗಿ ಕೈಬಿಡುವ ದುಡ್ಡಿಗೆ ಮಾತ್ರ ಮಿತಿಯನ್ನೇ ಬದಲಿಸುವ ಬೇರೆ ಮತ ಬೇಕು, ಕಾರಣ ಹೇಳಿ, ಎಲ್ಲರೂ ನೋಡುವ ಹಾಗೆ.

ಖರ್ಚಿಗೆ ಮಿತಿ ಅಂದಕೂಡಲೇ ಬಡವರ ಅಕ್ಕಿಗೆ ಮಿತಿ ಅಂತ ಕೆಲವರು ಹೆದರುತ್ತಾರೆ, ಹೆದರೋದಕ್ಕೆ ಕಾರಣವೂ ಇದೆ. ಅಮೆರಿಕದ ಕೊಲೊರಾಡೊ ರಾಜ್ಯ 1992ರಲ್ಲಿ ಜನಮತದಿಂದ ತನ್ನ ಸಂವಿಧಾನಕ್ಕೇ ಒಂದು ಕಟ್ಟು ಹಾಕಿಕೊಂಡಿತು. ಜನಸಂಖ್ಯೆ ಮತ್ತು ಬೆಲೆ ಎಷ್ಟು ಏರಿತೋ ಅಷ್ಟೇ ಸರ್ಕಾರದ ಕೈಯಲ್ಲಿ ಉಳಿಯಬೇಕು, ಮಿಕ್ಕಿದ್ದು ಜನರಿಗೆ ವಾಪಸ್. ಕೇಳೋಕೆ ಚೆಂದ. 2001ರ ನಂತರ ಆದಾಯ ಬಿದ್ದಾಗ ಮಿತಿಯೂ ಅದರ ಜೊತೆ ಬಿತ್ತು. ಒಳ್ಳೇ ದಿನ ಬಂದಾಗಲೂ ಅಲ್ಲಿಂದಲೇ ಮೆಟ್ಟಿಲು ಹತ್ತಬೇಕಾಯಿತು. ಶಾಲೆ ಕಾಲೇಜುಗಳಿಗೆ ಪೆಟ್ಟು ಬಿತ್ತು, 2005ರಲ್ಲಿ ಅದೇ ಜನ ಮತ ಹಾಕಿ ಐದು ವರ್ಷ ಅದನ್ನು ಅಮಾನತಿನಲ್ಲಿಟ್ಟರು. ಅಷ್ಟು ಬಿಗಿ ಬೇಡ. ನನಗೆ ಹಿಡಿಸಿದ್ದು ಸ್ವೀಡನ್ ದಾರಿ. ತೊಂಬತ್ತರ ದಶಕದಲ್ಲಿ ಅವರ ಬ್ಯಾಂಕುಗಳೇ ಮುಳುಗಿ ದೇಶ ಸಾಲದಲ್ಲಿ ಸಿಕ್ಕಿತ್ತು. 1997ರಿಂದ ಅವರ ಸಂಸತ್ತು ಕೆಲವು ವರ್ಷ ಮುಂಚೆಯೇ ಖರ್ಚಿನ ಗರಿಷ್ಠ ಮಿತಿ ಗೊತ್ತು ಮಾಡುತ್ತದೆ. ಬಡ್ಡಿ ಅದರ ಹೊರಗೆ. ಇಂಥ ಇಲಾಖೆಗೆ ಇಷ್ಟು ಅನ್ನೋದು ಆಮೇಲೆ, ಮೊದಲು ಒಟ್ಟು ಎಷ್ಟು ಅನ್ನೋದು. ಸ್ವೀಡನ್‌ನಲ್ಲಿ ಬಡವರ ಊಟ ನಿಂತಿಲ್ಲ, ಅಲ್ವಾ?

ನಮ್ಮ ಮಿತಿಯಿಂದ ಬಡ್ಡಿ ಹೊರಗಿರಲಿ. ಬರ, ನೆರೆ, ಯುದ್ಧ ಹೊರಗಿರಲಿ, ಆದರೆ ಬಳಸಿದರೆ ಎಷ್ಟು ವರ್ಷದಲ್ಲಿ ತುಂಬುತ್ತೇವೆ ಅಂತ ಬರೆಯಲಿ. ರಸ್ತೆ, ರೈಲು, ನೀರಾವರಿಯಂಥ ಬಂಡವಾಳದ ಖರ್ಚಿಗೆ ಮೇಲಿನ ಮಿತಿ ಬೇಡ, ಬದಲಿಗೆ ಇದಕ್ಕಿಂತ ಕೆಳಗಿಳಿಯಬಾರದು ಅನ್ನೋ ಗೆರೆ ಬೇಕು, ಇಲ್ಲದಿದ್ದರೆ ಮಿತಿಯ ಹೆಸರಲ್ಲಿ ಮೊದಲು ಕತ್ತರಿ ಬೀಳೋದು ಅದಕ್ಕೇ. 2024-25ರಲ್ಲಿ 11.11 ಲಕ್ಷ ಕೋಟಿ ಅಂದುಕೊಂಡಿದ್ದ ಬಂಡವಾಳ ವೆಚ್ಚ ಪರಿಷ್ಕೃತ ಅಂದಾಜಿನಲ್ಲಿ 10.18ಕ್ಕೆ ಇಳಿದದ್ದನ್ನು ನೋಡಿದ್ದೇವೆ. ಬಾಕಿ ಬಿಲ್ಲುಗಳು ಮಿತಿಯ ಒಳಗೆ ಬರಲಿ, ಕೊಡದೆ ಇಟ್ಟರೂ ಖರ್ಚು ಅಂತಲೇ ಲೆಕ್ಕ. ನಿಗಮಗಳ ಹೆಸರಲ್ಲಿ ತಂದು ಸರ್ಕಾರ ತೀರಿಸಬೇಕಾದ ಸಾಲವೂ ಒಳಗೆ. ಮತ್ತೆ ತೆರಿಗೆ ಇಳಿಸಿದ ಮೂರು ವರ್ಷ ಅದೇ ಬಾಗಿಲಿನಿಂದ ಹೊಸ ಸೆಸ್ ಒಳಗೆ ಬರಬಾರದು.

ಆಗಲ್ಲ ಅಂತ ಅಧಿಕಾರಿಗಳು ಹೇಳುತ್ತಾರೆ. ತೆರಿಗೆ ರಿಯಾಯಿತಿಗಳಿಂದ ಎಷ್ಟು ಆದಾಯ ಹೋಯಿತು ಅಂತ ಒಂದು ಪಟ್ಟಿ ಪ್ರತಿವರ್ಷ ಬಜೆಟ್ ಜೊತೆ ನೀವೇ ಅಚ್ಚು ಹಾಕುತ್ತೀರಲ್ಲ ಮೇಡಂ, ಯಾರೂ ಓದದ ಆ ಅನುಬಂಧ? ನಾನು ಓದುತ್ತೇನೆ. ಅದರ ಪಕ್ಕಕ್ಕೆ ಇನ್ನೊಂದು ಕಾಲಂ ಎಳೆದರೆ ಆಯಿತು: ಇದಕ್ಕೆ ಎದುರಾಗಿ ನಿಲ್ಲಿಸಿದ ಖರ್ಚು. ಏನೂ ನಿಲ್ಲಿಸಿಲ್ಲದಿದ್ದರೆ "ಸಾಲ" ಅಂತ ಬರೆಯಿರಿ. ಅದೂ ಉತ್ತರವೇ, ಯಜಮಾನರಿಗೆ ಹೇಳಬಹುದು. ಕಾನೂನು ತರಲು ಟೈಮ್ ಬೇಕು, ಕಾಲಂ ಎಳೆಯಲು ಬೇಡ.

ಹಾಂ, ಎದುರು ಸಾಲು ಇಲ್ಲದೆ ತೆರಿಗೆ ಇಳಿಸಿದರೆ ಏನಾಗುತ್ತೆ ಅಂತ ಬ್ರಿಟನ್ನಿನವರನ್ನು ಕೇಳಿ. 2022ರ ಸೆಪ್ಟೆಂಬರ್ 23ಕ್ಕೆ 45 ಬಿಲಿಯನ್ ಪೌಂಡ್ ತೆರಿಗೆ ಇಳಿಸುತ್ತೇವೆ ಅಂದರು, ದುಡ್ಡು ಎಲ್ಲಿಂದ ಅಂತ ಹೇಳಲಿಲ್ಲ. ಐದು ದಿನಕ್ಕೆ ಅವರ ಕೇಂದ್ರ ಬ್ಯಾಂಕ್ ಸಾಲಪತ್ರದ ಮಾರುಕಟ್ಟೆಗೆ ಓಡಿ ಬಂತು, ಮೂರು ವಾರಕ್ಕೆ ಹಣಕಾಸು ಸಚಿವರು ಹೋದರು, ನಾಲ್ಕನೇ ವಾರ ಪ್ರಧಾನಿ ಲಿಜ್ ಟ್ರಸ್ ರಾಜೀನಾಮೆ ಕೊಟ್ಟರು. ನಮ್ಮಲ್ಲಿ ಹಾಗಾಗಲ್ಲ. ನಮ್ಮ ಬ್ಯಾಂಕು, ವಿಮಾ ಕಂಪನಿ, ಪಿಎಫ್ ಎಲ್ಲ ತಮ್ಮ ದುಡ್ಡಿನ ಒಂದು ಪಾಲಿಗೆ ಸರ್ಕಾರದ ಸಾಲಪತ್ರ ಕೊಳ್ಳುತ್ತಲೇ ಇರಬೇಕು ಅಂತ ನಿಯಮಗಳೇ ಇವೆ. ಮಾರುಕಟ್ಟೆ ಕೂಗಲ್ಲ. ಅದಕ್ಕೇ ನಮಗೆ ಕಾನೂನು ಜಾಸ್ತಿ ಬೇಕು.

 ಮುಂದಿನ ಬಜೆಟ್ ದಿನ ಭಾನುವಾರವೇ ಆದರೂ ಆಫೀಸು ತೆರೆದಿರುತ್ತೇನೆ, ಯಜಮಾನರೂ ಬರುತ್ತೇನೆ ಅಂದಿದ್ದಾರೆ, ಈ ಸಲ ಕನ್ನಡಕ ತರುತ್ತಾರಂತೆ. ಆ ಕಾಲಂ ಇದ್ದರೆ ಯಾವ ಪುಟದಲ್ಲಿದೆ ಅಂತ ಭಾಷಣದಲ್ಲಿ ಒಂದು ಸಾಲು ಹೇಳಿಬಿಡಿ. ನಾನು ಹುಡುಕಿ ತೋರಿಸುತ್ತೇನೆ.

ಇಂತಿ,
ತಿಪಟೂರಿನ ಒಬ್ಬ ಲೆಕ್ಕ ಬರೆಯುವವನು